ಬೆಂಗಳೂರು ಸೂಪರ್ ಡಿವಿಷನ್ ಫುಟ್‌ಬಾಲ್: ರಜೆ ಹಾಕಿ ನೋಡುವಷ್ಟು ಚೆನ್ನಾಗಿದೆಯಾ?

ನಮ್ಮ ಆಫೀಸಿನ ಹುಡುಗರು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮ್ಯಾಚಿಗೆ ಜೆರ್ಸಿ ಹಾಕಿಕೊಂಡು ಹೋಗುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ: ಅರ್ಧ ದಿನ ರಜೆ ಹಾಕಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೂ ಬನ್ರಪ್ಪಾ. ಗರುಡಾ ಮಾಲ್ ಹತ್ತಿರವೇ ಇದೆ. ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದು ನಡೆದೇ ಬರಬಹುದು. ನಾನು ಹೋದಾಗೆಲ್ಲ ಗೇಟಿನಲ್ಲಿ ಯಾರೂ ದುಡ್ಡು ಕೇಳಿಲ್ಲ.

ಸೂಪರ್ ಡಿವಿಷನ್ ಅಂದರೆ ಬೆಂಗಳೂರು ಲೀಗಿನ ಮೇಲಿನ ಮೆಟ್ಟಿಲು. ಕೆಳಗೆ ಎ, ಬಿ, ಸಿ ಡಿವಿಷನ್‌ಗಳಿವೆ. ಎಚ್‌ಎಎಲ್ ಥರದ ಕಾರ್ಖಾನೆ ತಂಡ, ಎಂಇಜಿ, ಎಎಸ್‌ಸಿ ಥರದ ಸೇನೆಯ ತಂಡ, ಕಿಕ್‌ಸ್ಟಾರ್ಟ್, ಎಫ್‌ಸಿ ಬೆಂಗಳೂರು ಯುನೈಟೆಡ್ ಥರದ ಹೊಸ ಕಾಲದ ಕ್ಲಬ್‌ಗಳು, ಜೊತೆಗೆ ಬೆಂಗಳೂರು ಎಫ್‌ಸಿಯ ಮೀಸಲು ಹುಡುಗರು. ಎಲ್ಲರೂ ಒಂದೇ ಲೀಗಿನಲ್ಲಿ ಆಡಿದವರು.

ಮಜಾ ಇರುವುದೇ ಈ ಬೆರಕೆಯಲ್ಲಿ. ಒಂದು ಮ್ಯಾಚಿನಲ್ಲಿ ಅಕಾಡೆಮಿಯಿಂದ ಬಂದ ವಿಂಗರ್ ಒಬ್ಬ, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ, ಚೆಂಡಿನ ಮೇಲೆ ಕಾಲಾಡಿಸುತ್ತಾ ಬಂದ. ಎದುರಿಗೆ ಸ್ವಲ್ಪ ಹೊಟ್ಟೆ ಬಂದ ಡಿಫೆಂಡರ್. ಅವರು ಏನೂ ಮಾಡಲಿಲ್ಲ. ಸುಮ್ನೆ ಹಿಂದೆ ಹಿಂದೆ ಸರಿದರು, ಹುಡುಗ ಚೆಂಡನ್ನು ಒಂದು ಗೇಣು ಜಾಸ್ತಿ ಮುಂದೆ ತಳ್ಳಿದ ತಕ್ಷಣ ಭುಜ ಕೊಟ್ಟು ಚೆಂಡು ಕಸಿದುಕೊಂಡು ಹೋದರು. ಹುಡುಗ ರೆಫ್ರಿ ಕಡೆ ನೋಡಿದ. ರೆಫ್ರಿ ಆಗಲೇ ಆ ಕಡೆ ಓಡುತ್ತಿದ್ದರು! ದ್ವಿತೀಯಾರ್ಧದಲ್ಲಿ ಅದೇ ಹುಡುಗ ಬೇಗ ಬೇಗ ಪಾಸ್ ಕೊಡತೊಡಗಿದ. ಬರೀ ತನ್ನ ವಯಸ್ಸಿನವರ ಜೊತೆ ಆಡಿದ್ದರೆ ಈ ಪಾಠ ಯಾವಾಗ ಸಿಗಬೇಕಿತ್ತು?

ಜನ ಕಡಿಮೆ, ಹಾಗಾಗಿ ಮೈದಾನದ ಮಾತೆಲ್ಲ ಕೇಳುತ್ತದೆ. ಗೋಲ್‌ಕೀಪರ್ ಒಂದೇ ಉಸಿರಲ್ಲಿ ಕನ್ನಡ, ತಮಿಳು, ಉರ್ದು ಮೂರರಲ್ಲೂ ಬೈಯುತ್ತಾನೆ. ಗ್ಯಾಲರಿಯಲ್ಲಿ ಆಸ್ಟಿನ್ ಟೌನ್, ಗೌತಮಪುರದ ಹಿರಿಯರು ಕೂತಿರುತ್ತಾರೆ. ಅವರ ಪಕ್ಕ ಜಾಗ ಹಿಡಿಯಿರಿ, ಕಾಮೆಂಟರಿ ಉಚಿತ. ಐಟಿಐ (ಟೆಲಿಫೋನ್ ಕಾರ್ಖಾನೆ), ಎಚ್‌ಎಎಲ್‌ನಲ್ಲಿ ಚೆನ್ನಾಗಿ ಆಡಿದವನಿಗೆ ಕೆಲಸ ಸಿಗುತ್ತಿದ್ದ ಕಾಲ ಅವರದು. ಈಗಿನ ಹುಡುಗರಿಗೆ ಆ ಭರವಸೆ ಕಡಿಮೆ. ಕೆಲವರು ಬೆಳಗ್ಗೆ ಮಕ್ಕಳಿಗೆ ಕೋಚಿಂಗ್ ಮಾಡಿ ಮಧ್ಯಾಹ್ನ ಇಲ್ಲಿ ಆಡುತ್ತಾರೆ.

"ಲೋಕಲ್ ಲೀಗಲ್ವಾ" ಅನ್ನುವವರಿಗೆ: 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತಲ್ಲ, 54 ವರ್ಷಗಳ ಮೇಲೆ? ಆ ಹುಡುಗರಲ್ಲಿ ಹೆಚ್ಚಿನವರು ಈ ಲೀಗಿನವರೇ. ಇಲ್ಲಿಂದಲೇ ಹೊರಟ ಎಸ್‌ಸಿ ಬೆಂಗಳೂರು 2023-24ರಲ್ಲಿ ಐ-ಲೀಗ್ 2 ಗೆದ್ದು ಐ-ಲೀಗ್‌ಗೆ, ಅಂದರೆ ಐಎಸ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ರಾಷ್ಟ್ರೀಯ ಲೀಗಿಗೆ, ಏರಿತು. ಮರುವರ್ಷವೇ ಕೆಳಗಿಳಿಯಿತು ಅನ್ನಿ. ಆದರೂ ದಾರಿ ಇದೆ ಅಂತ ಗೊತ್ತಾಯಿತಲ್ಲ. ಇನ್ನು ಬೆಂಗಳೂರು ಎಫ್‌ಸಿ ತನ್ನ ಮೊದಲ ವರ್ಷ, 2013-14ರಲ್ಲಿ, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಾಗ ತವರಿನ ಮ್ಯಾಚುಗಳನ್ನು ಆಡಿದ್ದು ಇದೇ ಮೈದಾನದಲ್ಲಿ. ಕಂಠೀರವಕ್ಕೆ ಹೋಗಿದ್ದು ಆಮೇಲೆ.

ಬೇಜಾರಿನ ವಿಷಯ ಸಮಯದ್ದು. ವಾರದ ಮಧ್ಯೆ, ಮಟಮಟ ಮಧ್ಯಾಹ್ನ ಮ್ಯಾಚ್ ಇಟ್ಟರೆ ಕೆಲಸಕ್ಕೆ ಹೋಗುವವರು, ಶಾಲೆ ಮಕ್ಕಳು ಬರುವುದು ಹೇಗೆ? ನೋಡಲೇಬೇಕಾದ ಮಕ್ಕಳೇ ತಪ್ಪಿಸಿಕೊಳ್ಳುತ್ತಾರೆ. ಕೃತಕ ಹುಲ್ಲು ಬಿಸಿಲಿಗೆ ಕಾದು, ಮೊದಲ ಅರ್ಧ ಗಂಟೆಯ ಚುರುಕು ಆಮೇಲೆ ಇರುವುದಿಲ್ಲ. ಪಾಸ್‌ಗಳು ತಪ್ಪುತ್ತವೆ, ಆಟ ಎಳೆದಾಡುತ್ತದೆ. ಐಎಸ್‌ಎಲ್ ಮಟ್ಟದ ವೇಗ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಇನ್ನೊಂದು ಸ್ಟಾರನ್ನು ಭಾನುವಾರ ಸಂಜೆ ಮ್ಯಾಚ್ ಇಟ್ಟ ದಿನ ಕೊಡುತ್ತೇನೆ. ಹೋಗುವವರು ನೀರಿನ ಬಾಟಲಿ, ಟೋಪಿ ಇಟ್ಟುಕೊಳ್ಳಿ. ಸ್ಕೋರ್ ಆ್ಯಪ್‌ಗಳನ್ನು ನಂಬಬೇಡಿ. ನಾನು ನೋಡುವ ಒಂದರಲ್ಲಿ ಮ್ಯಾಚ್ ಮುಗಿದ ಮೇಲೂ "ಇನ್ನೂ ಶುರುವಾಗಿಲ್ಲ" ಅಂತಲೇ ಇತ್ತು.