ಹ್ಯಾಂಡೆಲನ 'ದಿಕ್ಸಿತ್ ದೋಮಿನುಸ್', ಗಾರ್ಡಿನರ್ ರೆಕಾರ್ಡಿಂಗು: ಹೆಡ್‌ಫೋನ್ ಹಾಕ್ಕೊಂಡು ಕೇಳಿ

ಚರ್ಚ್ ಮ್ಯೂಸಿಕ್ ಅಂದ್ರೆ ಆಕಳಿಕೆ ಬರುತ್ತೆ ಅನ್ನೋರಿಗೆ ನಾನು ಮೊದ್ಲು ಹಾಕಿ ಕೇಳ್ಸೋದು ಇದನ್ನೇ. 1707ರಲ್ಲಿ ರೋಮ್‌ನಲ್ಲಿ ಬರೆದಿದ್ದು, ಆಗ ಸಂಗೀತ ರಚನೆಕಾರ ಹ್ಯಾಂಡೆಲ್‌ಗೆ ಬರೀ 22 ವರ್ಷ, ಜರ್ಮನಿಯ ಹಾಲೆ ಊರಿನ ಲೂಥರನ್ (ಪ್ರಾಟೆಸ್ಟಂಟ್) ಹುಡುಗ ಕ್ಯಾಥೊಲಿಕ್ಕರ ಪೋಪ್ ಇರೋ ಊರಿಗೇ ಬಂದು ಲ್ಯಾಟಿನ್ ಕೀರ್ತನೆಗೆ ಸಂಗೀತ ಹಾಕಿದಾನೆ ನೋಡಿ. ಆಗ ರೋಮಲ್ಲಿ ಜನರ ಮುಂದೆ ಅಪೆರಾ (ಹಾಡಿನಲ್ಲೇ ನಡೆಯೋ ನಾಟಕ) ಆಡೋಹಾಗಿರ್ಲಿಲ್ಲ, ನಿಷೇಧ ಇತ್ತು. ಆ ಜೋಶೆಲ್ಲ ತಂದು ಇಲ್ಲೇ ಸುರಿದುಬಿಟ್ಟಿದಾನೆ ಅಂತ ನಂಗನ್ಸುತ್ತೆ.

ನಾನು ಕೇಳ್ತಿರೋದು ಕಂಡಕ್ಟರ್ ಜಾನ್ ಎಲಿಯಟ್ ಗಾರ್ಡಿನರ್ ಫಿಲಿಪ್ಸ್ ಲೇಬಲ್ಲಿಗೆ ಮಾಡಿರೋದು, ಮಾಂಟೆವೆರ್ಡಿ ಕಾಯರ್ ಅನ್ನೋ ಗಾಯಕರ ತಂಡ ಹಾಡಿರೋದು, ಇಂಗ್ಲಿಷ್ ಬರೋಕ್ ಸೋಲೋಯಿಸ್ಟ್ಸ್ ಅನ್ನೋ ವಾದ್ಯ ತಂಡ ನುಡಿಸಿರೋದು. ಜೊತೆಗೆ ವಿವಾಲ್ಡಿಯ ಗ್ಲೋರಿಯಾ (ದೇವರ ಸ್ತುತಿಯ ಹಾಡು) ಇದೆ, 2001ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಲೈಬ್ರರಿಯಲ್ಲಿ ಪತ್ತೆಯಾದ ಹ್ಯಾಂಡೆಲನ ಇನ್ನೊಂದು ಗ್ಲೋರಿಯಾನೂ ಇದೆ. ಅವೆರಡೂ ಚೆನ್ನಾಗೇ ಇವೆ, ಆದ್ರೆ ಕಾಸು ಕೊಡೋದು ದಿಕ್ಸಿತ್‌ಗೆ.

ದಿಕ್ಸಿತ್‌ನ ಮಾತೆಲ್ಲ 110ನೇ ಕೀರ್ತನೆಯದು, ಕನ್ನಡ ಬೈಬಲ್ ಸಿಕ್ರೆ ಅದನ್ನ ಓದ್ಕೊಂಡು ಕೂತ್ಕೊಳಿ (ಹಳೇ ಲ್ಯಾಟಿನ್ ಬೈಬಲ್ಲಲ್ಲಿ ಇದೇ 109), ಏಳೇ ವಚನ, ಎರಡು ನಿಮಿಷದ ಕೆಲ್ಸ. ಅದು ಶಾಂತಿಯ ಪದ್ಯ ಅಲ್ಲವೇ ಅಲ್ಲ, ಶತ್ರುಗಳನ್ನ ಪಾದಪೀಠ ಮಾಡೋದು, ರಾಜರನ್ನ ಸದೆಬಡಿಯೋದು, ಇಂಥದ್ದೇ. 'ಕಾಂಕ್ವಸ್ಸಾಬಿತ್' ಅಂತ ಒಂದು ಮಾತು ಬರುತ್ತೆ, ತಲೆಗಳನ್ನ ಜಜ್ಜಿ ಹಾಕ್ತಾನೆ ಅಂತ, ಅಲ್ಲಿ ಹ್ಯಾಂಡೆಲ್ ಆ ಪದವನ್ನ ಕಾಂ, ಕ್ವಸ್, ಸಾ, ಬಿತ್ ಅಂತ ಅಕ್ಷರ ಅಕ್ಷರ ಬಿಡಿಸಿ ಒಂದೇ ಸ್ವರದ ಮೇಲೆ ಕಲ್ಲು ಕುಟ್ಟಿದಂಗೆ ಕುಟ್ಟಿಸ್ತಾನೆ, ಒಂದು ದನಿ ಶುರು ಮಾಡಿದ್ರೆ ಹಿಂದೇನೇ ಇನ್ನೊಂದು ಸೇರ್ಕೊಳತ್ತೆ, ಐದೂ ದನಿ ಬಂದಾಗ ಕೂತಲ್ಲೇ ಬೆನ್ನು ನೆಟ್ಟಗಾಗುತ್ತೆ. ಈ ಕಾಯರ್ ಅಲ್ಲಿ ಒಂದು ಅಕ್ಷರಾನೂ ನುಂಗಲ್ಲ, ವ್ಯಂಜನಗಳು ಟಕ್ ಟಕ್ ಅಂತ ಕಿವಿಗೆ ಬೀಳ್ತವೆ.

ಇಷ್ಟೆಲ್ಲ ಗಲಾಟೆ ಆದ್ಮೇಲೆ 'ದೆ ತೊರ್ರೆಂತೆ' ಬರುತ್ತೆ. ದಾರೀಲಿ ಹೊಳೆ ನೀರು ಕುಡೀತಾನೆ ಅನ್ನೋ ಸಾಲು, ಇಬ್ಬರು ಸೊಪ್ರಾನೋ (ಎತ್ತರದ ದನಿಯ ಗಾಯಕಿಯರು), ಒಬ್ಬಳು ಸ್ವರ ಹಿಡ್ಕೊಂಡಿರ್ತಾಳೆ, ಇನ್ನೊಬ್ಬಳು ಪಕ್ಕದ ಸ್ವರಕ್ಕೇ ಬಂದು ತಿಕ್ಕಾಡ್ತಾಳೆ, ಆಮೇಲೆ ಮೊದಲನೆಯವಳು ಇಳೀತಾಳೆ, ಹಿಂಗೇ ನಡೀತಾ ಹೋಗುತ್ತೆ, ಕೆಳಗೆ ಪಿಟೀಲುಗಳು ಸದ್ದಿಲ್ದೆ ಮಿಡೀತಿರ್ತವೆ, ಗಂಡಸರು ಮೆಲ್ಲಗೆ ಒಂದೇ ದನೀಲಿ ಕೊನೇ ಸಾಲು ಹೇಳ್ತಾರೆ. ಇಡೀ ಆಲ್ಬಮ್ಮಲ್ಲಿ ನಂಗೆ ಹೆಚ್ಚು ಬೇಕಾಗಿರೋದು ಇದೇ.

ತಕರಾರು ಒಂದಿದೆ, ಸ್ಪೀಡು. ದಿಕ್ಸಿತ್‌ನ ಕೊನೇ ಭಾಗ 'ಗ್ಲೋರಿಯಾ ಪಾತ್ರಿ'ಯಲ್ಲಿ (ಕೀರ್ತನೆ ಮುಗಿದ್ಮೇಲೆ ಬರೋ ಸ್ತುತಿ), ಮೊದಲನೇ ಕೋರಸ್ಸಲ್ಲಿ ಉದ್ದುದ್ದ ಸ್ವರದಲ್ಲಿ ಬಂದಿದ್ದ ಹಳೇ ಚರ್ಚ್ ರಾಗ ಮತ್ತೆ ಬರುತ್ತೆ, ಗಾರ್ಡಿನರ್ ಓಟದಲ್ಲಿ ಅದನ್ನ ಹುಡುಕ್ಕೋಬೇಕು. ಇನ್ನೊಂದು ರುಚಿ ಬೇಕು ಅನ್ನೋರು ಸೈಮನ್ ಪ್ರೆಸ್ಟನ್ ವೆಸ್ಟ್‌ಮಿನ್‌ಸ್ಟರ್ ಅಬ್ಬಿ ಕಾಯರ್ ಜೊತೆ ಮಾಡಿರೋದನ್ನೂ ಕೇಳಿ, ಅಲ್ಲಿ ಮೇಲಿನ ದನಿಗೆ ಚಿಕ್ಕ ಹುಡುಗ್ರು, ಬಣ್ಣಾನೇ ಬೇರೆ.

ಮೊಬೈಲ್ ಸ್ಪೀಕರಲ್ಲಿ ಮಾತ್ರ ಬೇಡ, ಕೆಳದನಿಯ ಚೆಲ್ಲೋ ವಾದ್ಯ ಪೂರ್ತಿ ಮಾಯ. ಮ್ಯೂಸಿಕ್ ಆ್ಯಪ್‌ನಲ್ಲಿ ಕೇಳೋರು ಶಫಲ್ ಆಫ್ ಮಾಡಿ, ದಿಕ್ಸಿತ್ ಒಟ್ಟು ಅರ್ಧ ಗಂಟೆ ಚಿಲ್ಲರೆ ಅಷ್ಟೇ, ಒಂದೇ ಪಟ್ಟಿಗೆ ಮುಗ್ಸಿ.