ಬ್ಯಾಟರಿ ಸತ್ತ ಟೆಸ್ಲಾ ಬಾನೆಟ್ ತೆಗೆಯೋಕೆ: ಜಂಪ್ ಪ್ಯಾಕಾ, ಯುಪಿಎಸ್ ಬ್ಯಾಟರಿನಾ, ಜಂಪರ್ ಕೇಬಲ್ಲಾ?

ಟೆಸ್ಲಾ ಮಾಡೆಲ್ 3 ಕಾರಲ್ಲಿ ಬಾನೆಟ್ ಲಾಕಿಗೆ ಕರೆಂಟ್ ಕೊಡೋ ಪುಟ್ಟ ಬ್ಯಾಟರಿ (ಕಾರ್ ಓಡಿಸೋ ದೊಡ್ಡದಲ್ಲ) ಸತ್ರೆ ಬಾನೆಟ್ ತೆಗೆಯೋಕೆ ಜಂಪ್ ಪ್ಯಾಕ್ (ಸತ್ತ ಬ್ಯಾಟರಿಗೆ ಕರೆಂಟ್ ಕೊಡೋ ಪುಟ್ಟ ಪವರ್ ಪ್ಯಾಕ್), ಯುಪಿಎಸ್ ಬ್ಯಾಟರಿ, ಜಂಪರ್ ಕೇಬಲ್ (ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ತರೋ ವೈರ್), ಈ ಮೂರರಲ್ಲಿ ಯಾವುದು ಇಟ್ಕೊಳ್ಳಲಿ ಅಂತ ಆ ಕಾರ್ ಇರೋರು ಕೇಳಿದ್ರು. ಮೊದಲು ಒಂದು ವಿಷಯ, ಮುಂದಿನ ಬಂಪರಲ್ಲಿ ಟೋ ಹುಕ್ (ಕಾರ್ ಎಳೆಯೋಕೆ ಸಿಕ್ಕಿಸೋ ಕೊಕ್ಕೆ) ಮುಚ್ಚಳದ ಹಿಂದೆ ಕೆಂಪು-ಕಪ್ಪು ಎರಡು ವೈರ್ ಇರುತ್ತೆ, ಅದಕ್ಕೆ ಹೊರಗಿಂದ 12 ವೋಲ್ಟ್ ಕೊಟ್ರೆ ಲಾಕ್ ಬಿಡುತ್ತೆ ಅಷ್ಟೇ, ಆ ವೈರಿಂದ ಕಾರಿನ ಬ್ಯಾಟರಿ ಚಾರ್ಜ್ ಆಗಲ್ಲ.

ಲಾಕ್ ಬಿಡಿಸೋದಷ್ಟೇ ಆದ್ರೆ ಯುಪಿಎಸ್ ಒಳಗಿರೋ 12 ವೋಲ್ಟ್ 7 ಎಎಚ್ (ಆಂಪಿಯರ್-ಅವರ್) ಪುಟ್ಟ ಬ್ಯಾಟರಿನೇ ಸಾಕು, ಅಗ್ಗ, ತಕರಾರಿಲ್ಲ, ಆದ್ರೆ ತಿಂಗಳುಗಟ್ಟಲೆ ಚಾರ್ಜ್ ಮಾಡದೆ ಮೂಲೇಲಿ ಬಿಟ್ರೆ ಅದೂ ಸಾಯುತ್ತೆ.

ಜಂಪ್ ಪ್ಯಾಕ್ ದುಬಾರಿ, ಆದ್ರೆ ಬಾನೆಟ್ ತೆರೆದ್ಮೇಲೆ ಒಳಗಿನ ಬ್ಯಾಟರಿಗೂ ಅದೇ ಹಾಕಬಹುದು. ಇಲ್ಲೇ ಜನ ಎಡವೋದು: ಎಷ್ಟೋ ಪ್ಯಾಕ್‌ಗಳು ಸಿಕ್ಕಿಸಿದ ವೈರಲ್ಲಿ ವೋಲ್ಟೇಜ್ ಕಾಣದಿದ್ರೆ ಕರೆಂಟೇ ಬಿಡಲ್ಲ, ಆಗಲೂ ಒತ್ತಿ ಕರೆಂಟ್ ಬಿಡಿಸೋ ಬೂಸ್ಟ್ ಬಟನ್ ಇರೋದೇ ತಗೊಳ್ಳಿ. ಮತ್ತೆ ಅದನ್ನ ಬಾನೆಟ್ ಒಳಗೇ ಇಟ್ಟು ಮುಚ್ಚಬೇಡಿ ಮಾರಾಯ್ರೆ! ಕಾರೊಳಗೂ ಬೇಡ, ಬ್ಯಾಟರಿ ಸತ್ರೆ ಹೊರಗಿಂದ ಬಾಗಿಲೂ ತೆಗೆಯಲ್ಲ.

ಕೇಬಲ್ ಹಾಳಾಗೋ ವಸ್ತು ಅಲ್ಲ, ಆದ್ರೆ ಪಕ್ಕದಲ್ಲಿ ಇನ್ನೊಂದು ಕಾರ್ ಬೇಕು, ಅದು ಪೆಟ್ರೋಲ್ ಕಾರೇ ಆಗ್ಲಿ, ಇನ್ನೊಂದು ಟೆಸ್ಲಾ ಬೇಡ, ಯಾಕಂದ್ರೆ ಟೆಸ್ಲಾದಿಂದ ಬೇರೆ ಗಾಡಿ ಜಂಪ್ ಮಾಡಬೇಡಿ ಅಂತ ಮ್ಯಾನುಯಲ್ಲೇ ಹೇಳುತ್ತೆ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಒಬ್ರೇ ಪರದಾಡೋರಿಗೆ ಪ್ಯಾಕು, ಮನೇಲಿ 12 ವೋಲ್ಟ್ ಬ್ಯಾಟರಿ ಚಾರ್ಜರ್ ಇದ್ದು ಖರ್ಚು ಬೇಡ ಅನ್ನೋರಿಗೆ ಯುಪಿಎಸ್ ಬ್ಯಾಟರಿ, ಮನೇಲಿ ಎರಡನೇ ಕಾರ್ ಇದ್ರೆ ಕೇಬಲ್ ಸಾಕು.