ಒಂದೇ ಕೋಣೆ, ಮೂರು ತರಗತಿ: ಮಕ್ಕಳನ್ನು ಹೇಗೆ ಕೂರಿಸಿದರೆ ಕಲಿಕೆ ಸಾಗುತ್ತದೆ?

ನಾನು ಬೆಂಗಳೂರಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದಾರೆ. ಕೋಣೆ ದೊಡ್ಡದೇನಲ್ಲ. ಒಂದು ಮೂಲೆಯಲ್ಲಿ ಬೀರು, ಪಕ್ಕದಲ್ಲಿ ಕಾರ್ಡುಗಳ ರ‍್ಯಾಕ್, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟುಕುವಂತೆ ಬಳಿದ ಕಪ್ಪು ಹಲಗೆ. ಇಷ್ಟು ಜಾಗದಲ್ಲಿ ಮೂರು ಬಗೆಯ ಜೋಡಣೆ ಮಾಡಿ ನೋಡಿದ್ದೇನೆ: ತರಗತಿವಾರು ಸಾಲು, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಐದು ‘ತಟ್ಟೆ’ (ಮಕ್ಕಳು ಸುತ್ತ ಕೂರುವ ಗುಂಪು), ಆಮೇಲೆ ಆ ಐದನ್ನು ಮೂರಕ್ಕೆ ಇಳಿಸಿದ್ದು. ಬಹುವರ್ಗ ಬೋಧನೆಗೆ ಹೊಸದಾಗಿ ಬಂದ ಮೇಷ್ಟ್ರು, ಮೇಡಂಗಳು ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುತ್ತಿರುತ್ತಾರೆ.

ಮೊದಲು ಸಾಲು. ಹಾಜರಿ ತೆಗೆದುಕೊಳ್ಳಲು, ಪುಸ್ತಕ ಹಂಚಲು ಇಷ್ಟು ಸಲೀಸಾದ ವ್ಯವಸ್ಥೆ ಬೇರೆ ಇಲ್ಲ. ಹಲಗೆಯನ್ನು ಮೂರು ಭಾಗ ಮಾಡಿ ಒಂದೊಂದು ತರಗತಿಗೆ ಒಂದೊಂದು ಕೊಟ್ಟರಾಯಿತು. ಆದರೆ ಒಂದನೇ ತರಗತಿಗೆ ಅಕ್ಷರ ತಿದ್ದಿಸುತ್ತಿರುವಾಗ ಉಳಿದ ಎರಡು ಸಾಲಿನವರು ಹಲಗೆಯ ಮೇಲಿದ್ದದ್ದನ್ನು ಸುಮ್ಮನೆ ನಕಲು ಮಾಡುತ್ತಾರೆ. ಕೋಣೆ ಶಾಂತವಾಗಿರುತ್ತದೆ, ಕಲಿಕೆ ನಡೆಯುತ್ತಿರುವುದಿಲ್ಲ.

ಬೆಂಗಳೂರಿನ ಶಾಲೆಗಳಲ್ಲಿ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕಟ್ಟಡ ಕೆಲಸಕ್ಕೆಂದು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ವರ್ಷದ ನಡುವೆಯೇ ಸೇರುತ್ತಾರೆ. ಮನೆಯಲ್ಲಿ ತೆಲುಗು, ತಮಿಳು, ಉರ್ದು, ಹಿಂದಿ ಮಾತಾಡುವವರೂ ಇದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಮಗುವನ್ನು ಸೇರಿಸಿಕೊಳ್ಳಬೇಕು. ಅದು ನ್ಯಾಯವೇ. ಆದರೆ ಎಂಟು ವರ್ಷದ ಹುಡುಗಿ ಮೂರನೇ ತರಗತಿಯ ಸಾಲಿನಲ್ಲಿ ಕೂತು, ಅಕ್ಷರವೇ ಗೊತ್ತಿಲ್ಲದೆ, ಪಕ್ಕದವಳ ಪುಸ್ತಕ ನೋಡಿ ಗೆರೆ ಎಳೆಯುವುದನ್ನು ಕಂಡರೆ ಕರುಳು ಚುರುಕ್ ಎನ್ನುತ್ತದೆ. ಅವಳನ್ನು ಒಂದನೆಯವರ ಸಾಲಿಗೆ ಕಳಿಸಿದರೆ ಅವಮಾನ, ಅಲ್ಲೇ ಬಿಟ್ಟರೆ ಅನ್ಯಾಯ. ಸಾಲಿನ ವ್ಯವಸ್ಥೆಯಲ್ಲಿ ಇದಕ್ಕೆ ಉತ್ತರವಿಲ್ಲ.

ಉತ್ತರ ಇರುವುದು ತಟ್ಟೆಯಲ್ಲಿ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಮಾದರಿ ನೋಡಿಬಂದ ಶಿಕ್ಷಕರಿಂದ. ಇದರಲ್ಲಿ ಮಗು ಯಾವ ತರಗತಿಯದು ಎನ್ನುವುದಕ್ಕಿಂತ, ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಲಿಕಾ ಏಣಿಯಲ್ಲಿ ಯಾವ ಮೆಟ್ಟಿಲಲ್ಲಿದೆ ಎನ್ನುವುದೇ ಮುಖ್ಯ. ಶಿಕ್ಷಕರ ಪೂರ್ಣ ನೆರವು, ಭಾಗಶಃ ನೆರವು, ಸಹಪಾಠಿಗಳ ಪೂರ್ಣ ನೆರವು, ಭಾಗಶಃ ನೆರವು, ಸ್ವಕಲಿಕೆ ಎಂದು ಐದು ಗುಂಪು. ಒಂದೊಂದು ಮೆಟ್ಟಿಲಿಗೂ ಚಟುವಟಿಕೆಯ ಕಾರ್ಡು ಇರುತ್ತದೆ, ಅದು ಮುಗಿದರೆ ಮಗು ಮುಂದಿನ ಕಾರ್ಡಿಗೆ ತಕ್ಕ ತಟ್ಟೆಗೆ ಎದ್ದು ಹೋಗುತ್ತದೆ. ಆ ಹುಡುಗಿ ಇಲ್ಲಿ ಒಂದನೆಯ ಮಕ್ಕಳ ಜೊತೆ ಅಕ್ಷರದ ಕಾರ್ಡು ಹಿಡಿದು ಕೂತರೂ ಯಾರಿಗೂ ವಿಶೇಷ ಎನಿಸುವುದಿಲ್ಲ, ಏಕೆಂದರೆ ಎಲ್ಲರೂ ಎಲ್ಲ ಕಡೆಗೂ ಓಡಾಡುತ್ತಿರುತ್ತಾರೆ. “ಮಿಸ್, ಇದು ಹ್ಯಾಂಗ ಮಾಡ್ಬೇಕ್ರೀ?” ಎಂದು ಬಾಯಿಬಿಟ್ಟು ಕೇಳುವ ಧೈರ್ಯ ಬರುವುದು ಅಲ್ಲೇ. ಊರಹಬ್ಬಕ್ಕೆ ಹೋಗಿ ತಿಂಗಳು ಕಳೆದು ಬಂದವರೂ ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯಬಹುದು.

ಹಾಗೆಂದು ಸಣ್ಣ ಕೋಣೆಯಲ್ಲಿ ಐದು ತಟ್ಟೆ ನಡೆಸುವುದು ಸುಲಭವೆಂದು ಹೇಳಲಾರೆ. ರ‍್ಯಾಕ್ ಒಂದೇ ಕಡೆ ಇದ್ದರೆ ಅದರ ಮುಂದೆ ಸದಾ ನೂಕುನುಗ್ಗಲು. ಕನ್ನಡದ ಕಾರ್ಡುಗಳನ್ನು ಒಂದು ಗೋಡೆಗೆ, ಗಣಿತದ್ದನ್ನು ಎದುರು ಗೋಡೆಗೆ ಇಟ್ಟರೆ ಅದು ತಗ್ಗುತ್ತದೆ. ಗಟ್ಟಿಯಾಗಿ ಓದಿಕೊಳ್ಳುವ ಸಹಪಾಠಿ ಗುಂಪಿನ ಪಕ್ಕ ಸ್ವಕಲಿಕೆಯವರನ್ನು ಕೂರಿಸಬಾರದು, ಅವರಿಗೆ ಗೋಡೆಹಲಗೆಯ ಕಡೆ ಮುಖಮಾಡಿ ಬರೆಯುವ ಜಾಗ ಕೊಡಬೇಕು. ಶಿಕ್ಷಕರ ಗುಂಪು ಬಾಗಿಲಿಗೆ ದೂರವಿರಲಿ, ಆದರೆ ಶಿಕ್ಷಕರು ಬಾಗಿಲಿಗೆ ಮುಖಮಾಡಿ ಕೂರಲಿ. ಇಷ್ಟೆಲ್ಲ ಮಾಡಿದರೂ ಸೊರಗುವುದು ಎರಡನೇ ತಟ್ಟೆ. ಭಾಗಶಃ ನೆರವು ಎಂದರೆ ನಾನು ನಡುನಡುವೆ ಎದ್ದು ಹೋಗಬೇಕು, ಆದರೆ ಒಂದನೇ ತಟ್ಟೆಯ ಮಕ್ಕಳು ಬಿಟ್ಟುಕೊಡುವುದಿಲ್ಲ.

ಅದಕ್ಕೇ ಮೂರು ಗುಂಪು. ಶಿಕ್ಷಕರ ಎರಡು ತಟ್ಟೆಗಳನ್ನು ಒಂದೇ ಅರ್ಧವೃತ್ತದಲ್ಲಿ ಕೂರಿಸುತ್ತೇನೆ: ಪೂರ್ಣ ನೆರವು ಬೇಕಾದವರು ಒಳಗೆ, ಭಾಗಶಃ ಸಾಕಾದವರು ಅವರ ಹಿಂದೆ. ಎದ್ದು ಹೋಗಬೇಕಿಲ್ಲ, ತಲೆ ಎತ್ತಿದರೆ ಸಾಕು. ಸಹಪಾಠಿಗಳ ಎರಡು ತಟ್ಟೆ ಸೇರಿ ಎರಡನೇ ಗುಂಪು, ಸ್ವಕಲಿಕೆ ಮೂರನೆಯದು. ಏಣಿ, ಅದರ ಹಂತಗಳಾದ ಮೈಲಿಗಲ್ಲು, ಮಗು ಎಲ್ಲಿಗೆ ಬಂದಿದೆ ಎಂದು ಗುರುತಿಸುವ ಪ್ರಗತಿ ನೋಟ ಯಾವುದೂ ಬದಲಾಗುವುದಿಲ್ಲ, ಬದಲಾಗುವುದು ನೆಲದ ಮೇಲಿನ ಗೆರೆ ಮಾತ್ರ. ಸಹಪಾಠಿ ಗುಂಪು ದೊಡ್ಡದಾದ್ದರಿಂದ ಅಲ್ಲಿ ಗಲಾಟೆ ಜಾಸ್ತಿ. ಚೆನ್ನಾಗಿ ಓದುವವರೇ ದಿನವೂ ಕಲಿಸುತ್ತಾ ಕೂತು ತಮ್ಮ ಕಾರ್ಡಿನಲ್ಲಿ ಹಿಂದೆ ಬೀಳುವ ಅಪಾಯವೂ ಇದೆ. ಕಲಿಸುವ ಸರದಿಯನ್ನು ವಾರಕ್ಕೊಮ್ಮೆ ಬದಲಿಸಲೇಬೇಕು. ಆದರೂ ನಮ್ಮಷ್ಟೇ ಕೋಣೆ, ಒಬ್ಬರೇ ಶಿಕ್ಷಕರು ಎಂದಾದರೆ ನನ್ನ ಆಯ್ಕೆ ಇದೇ. ಕೋಣೆ ವಿಶಾಲವಾಗಿದ್ದು ಮಕ್ಕಳು ಮೂವತ್ತರ ಒಳಗಿದ್ದರೆ ಐದು ತಟ್ಟೆಯನ್ನೇ ಇಟ್ಟುಕೊಳ್ಳಿ.

ಸಾಲನ್ನು ಪೂರ್ತಿ ಬಿಟ್ಟಿಲ್ಲ. ಕಡ್ಡಿ ಕಟ್ಟು ಹಿಡಿದು ಹತ್ತು-ಬಿಡಿ ತೋರಿಸುವಾಗ ಎಲ್ಲರ ಕಣ್ಣೂ ಒಂದೇ ಕಡೆ ಇರಬೇಕು. ಆ ಹೊತ್ತಿಗೆ ಸಾಲೇ ಸರಿ. ಹಾಡು, ಕತೆಗೆ ಚಪ್ಪರದ (ಮಕ್ಕಳ ಕೆಲಸಗಳನ್ನು ತೂಗುಹಾಕಲು ಕೋಣೆಯ ಮೇಲ್ಭಾಗದಲ್ಲಿ ಕಟ್ಟಿದ ದಾರಗಳ) ಕೆಳಗೆ ಒಂದೇ ದೊಡ್ಡ ವೃತ್ತ.

ದುಂಡು ಮೇಜು ಬೇಕೇ ಎಂದು ಕೆಲವರು ಕೇಳುತ್ತಾರೆ. ಬರೆಯುವ ಮಕ್ಕಳ ಬೆನ್ನಿಗೆ ಮೇಜು ಒಳ್ಳೆಯದು, ಆದರೆ ನಾಲ್ಕು ಮೇಜು, ಅವುಗಳ ಕುರ್ಚಿ ಹಾಕಿದರೆ ನಮ್ಮ ಕೋಣೆಯಲ್ಲಿ ಓಡಾಡಲು ದಾರಿಯೇ ಉಳಿಯದು. ಜಮಖಾನೆಯಾದರೆ ಗುಂಪು ಬದಲಿಸಲು ನಿಮಿಷವೂ ಬೇಡ, ಊಟದ ಹೊತ್ತಿಗೆ ಸುತ್ತಿಡಬಹುದು. ದಾನಿಗಳು ಏನಾದರೂ ಕೊಡುತ್ತೇವೆಂದು ಮುಂದೆ ಬಂದರೆ, ಮೇಜಿಗೆ ಮೊದಲು ಎರಡನೇ ರ‍್ಯಾಕ್ ಕೇಳಿ.